ಹಳದಿ ಲೋಟ ಇದ್ದ ಜಾಗ

ಮೆರಿಡಿತ್ ಲ್ಯಾಂಡಿಂಗ್,
ದಕ್ಷಿಣ ಕ್ಯಾರೊಲೈನಾ
ಭಾನುವಾರ, 6 ನವೆಂಬರ್ 2022

ನನ್ನ ಮುದ್ದು ಲೂಷಸ್,

ಹೇಗಿದ್ದೀಯ ಕಂದ? ಹಲ್ಲುನೋವು ಇಳಿಯಿತೇ, ಇಲ್ಲ ಇನ್ನೂ ಒಂದೇ ಕಡೆಯಿಂದ ಅಗಿಯುತ್ತಿದ್ದೀಯಾ? ಡಾಕ್ಟರು ಬಂದ ದಿನ ಸಾಲಿನ ಕೊನೆಗೆ ನಿಂತು ಸುಮ್ಮನೆ ವಾಪಸ್ ಬರಬೇಡ, ಬಾಯಿ ಬಿಟ್ಟು ಕೇಳು. ಚಿಕ್ಕಂದಿನಿಂದಲೂ ನೀನು ನೋವು ಬಚ್ಚಿಡುವವನು. ಕಾಲಿಗೆ ಸಿಂಪಿಯ ಚಿಪ್ಪು ಹೊಕ್ಕಿದ್ದಾಗಲೂ ಬಾವು ಬರುವವರೆಗೆ ಹೇಳಿರಲಿಲ್ಲ. ನಾನು ಬರೆದ ಹಾಳೆ ನಿನ್ನ ಕೈಗೆ ಬರುವುದಿಲ್ಲ, ಜೈಲಿನವರು ಅದರ ನಕಲು ಮಾತ್ರ ಕೊಡುತ್ತಾರೆ ಎಂದು ಗೊತ್ತಾದ ಮೇಲೆ ನೀಲಿ ಪೆನ್ನು ಬಿಟ್ಟು ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸರಿಯಾಗಿ ಮೂಡುತ್ತಿದೆಯಾ ತಿಳಿಸು. ನಿನಗಿಂತ ಮೊದಲು ಯಾರೋ ಇದನ್ನು ಓದುತ್ತಾರೆ. ಓದಲಿ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಇರುವುದೆಲ್ಲ ನಿನ್ನಿಂದ ಇಷ್ಟು ದಿನ ಮುಚ್ಚಿಟ್ಟದ್ದು.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ರೆಸಾರ್ಟಿನಲ್ಲಿ ಈಗ ಕಟ್ಟುವ ಮನೆಗಳಿಗೆಲ್ಲ ಮೂರು ಮಹಡಿ, ಹಾಸಿಗೆ ಬದಲಿಸುವವರ ಮಂಡಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಸೆಪ್ಟೆಂಬರಿನ ಬಿರುಗಾಳಿಗೆ ನಮ್ಮ ಹಿಂದಿನ ಜಗಲಿಯ ತಗಡು ಹಾರಿತು, ಬೇರೇನೂ ಆಗಲಿಲ್ಲ. ಎವಲೀನಾ ಅತ್ತೆಯ ಕಣ್ಣು ಮತ್ತಷ್ಟು ಮಂಜಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ. ನಿನ್ನೆ ಬೆಂಡೆಕಾಯಿ ಸಾರು ಕೊಟ್ಟೆ. “ಸೀಗಡಿ ಹಾಕಿದೀಯೋ, ಇಲ್ಲ ಸೀಗಡಿಗೆ ಸಾರಿನ ದಾರಿ ತೋರ್ಸಿ ವಾಪಸ್ ಕರ್ಕೊಂಡ್ಯೋ?” ಅಂದಳು. ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಅವನು ಬರುವವರೆಗೆ ನಾನು ಸಾಯುವುದಿಲ್ಲ, ಆದರೆ ತಡ ಮಾಡಬಾರದು ಎಂದು ಬರೆ ಅಂದಳು.

ಈಗ ನಿನ್ನ ಪ್ರಶ್ನೆ. ಬೇಸಿಗೆಯಿಂದ ಈಚೆಗೆ ನೀನು ಬರೆದ ಪತ್ರಗಳಲ್ಲೆಲ್ಲ ಅದೇ ಪ್ರಶ್ನೆಯಿದೆ. ಬರುವ ಮಾರ್ಚಿನಲ್ಲಿ ಜೈಲಿನಿಂದ ಬಿಟ್ಟ ದಿನ ಮನೆಗೆ ಹೋಗುವ ಮೊದಲೇ ಜೂನಿಯ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಅಮ್ಮ, ಹಳದಿ ಲೋಟ ಇನ್ನೂ ಇದೆಯಾ? ನಾನು ಅದಕ್ಕೆ ಮಳೆಯ ವಿಷಯ, ಮಂಡಿಯ ವಿಷಯ ಬರೆದೆ. ನೀನು ಮತ್ತೆ ಕೇಳಿದೆ. ನಿನ್ನ ಮಗಳನ್ನು ಮಣ್ಣು ಮಾಡಿದ ಜಾಗವನ್ನು ನೀನು ಕಣ್ಣಿಂದ ನೋಡಿಲ್ಲ. ಅಂದು ನಿನ್ನನ್ನು ಅರ್ಧ ದಿನದ ಮಟ್ಟಿಗೂ ಕಳಿಸಲಿಲ್ಲ. ಅದಕ್ಕೇ ನಾನು ಅಂದಿನದೆಲ್ಲವನ್ನೂ ನಿನಗೆ ಬಿಡಿಸಿ ಬರೆದಿದ್ದೆ: ನದಿಯ ಕಡೆಗೆ ಬಾಗಿದ ಓಕ್ ಮರ, ಕತ್ತಿಯಂತೆ ಎಲೆ ಚಾಚಿದ ಮುಳ್ಳುಗಿಡದ ಪಕ್ಕದ ಕಾಲುದಾರಿ, ಪೂರ್ವಕ್ಕೆ ಕಾಲು ಮಾಡಿ ಮಲಗಿಸಿದ ಪುಟ್ಟ ಪೆಟ್ಟಿಗೆ. ಉಬ್ಬಸ ಹೆಚ್ಚಾದ ಆ ಕೊನೆಯ ದಿನ ಅವಳು ಶುಂಠಿ ಸೋಡಾ ಕುಡಿದ ಹಳದಿ ಪಿಂಗಾಣಿ ಲೋಟವನ್ನು ಅತ್ತೆ ಕಲ್ಲಿಗೆ ಬಡಿದು ಹಿಡಿ ಮುರಿದಳು. “ಇಲ್ಲಿಗೆ ಸರಪಳಿ ಮುರೀತು. ಈ ಮನೆಯಿಂದ ಇನ್ಯಾರೂ ಇವಳ ಹಿಂದೆ ಹೋಗ್ಬಾರ್ದು” ಎಂದು ಎದೆಯ ಮೇಲಿನ ಮಣ್ಣಿನಲ್ಲಿ ಅದನ್ನು ನೆಟ್ಟಳು. ನಾನು ಅವಳ ಹೆಸರು ಬರೆದು ನೆಟ್ಟ ಹಲಗೆಯನ್ನು ಮರುವರ್ಷದ ಬಿರುಗಾಳಿ ಒಯ್ದಿತು, ಲೋಟ ಅಲ್ಲಾಡಲಿಲ್ಲ. ಕಲ್ಲು ನಾನೇ ಬಂದು ಇಡುತ್ತೇನೆ, ಅಲ್ಲಿವರೆಗೆ ಲೋಟವೇ ಸಾಕು ಎಂದು ನೀನು ಬರೆದೆ. ನನಗೂ ಅದೇ ಸರಿ ಅನ್ನಿಸಿತು. ಇನ್ನು ಮುಂದೆ ನಾನು ಬರೆಯುವುದನ್ನು ಓದಿ ಅದಕ್ಕಾಗಿ ನಿನ್ನನ್ನು ನೀನು ಹಳಿದುಕೊಳ್ಳಬೇಡ.

ಲೋಟ ಈಗ ಇಲ್ಲ ಮಗನೆ. ಯಾರೂ ಕದಿಯಲಿಲ್ಲ. ನಮಗೆ ಒಳ್ಳೆಯದನ್ನು ಮಾಡಲು ಬಂದವರು ತೆಗೆದರು. ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನೀನು ತಪ್ಪು ಜನರ ಮೇಲೆ ಸಿಟ್ಟಾಗುತ್ತೀಯ.

ಹಿಂದಿನ ಚಳಿಗಾಲದಲ್ಲಿ ಪಟ್ಟಣದ ಒಂದು ದತ್ತಿನಿಧಿಯವರು ನಮ್ಮ ಚರ್ಚಿಗೆ ಬಂದರು. ನಮ್ಮ ನದಿಯ ದಂಡೆಯಲ್ಲಿ ಹಿಂದೆ ನಮ್ಮ ಹಿರಿಯರು ಗುಲಾಮರಾಗಿ ದುಡಿದ ಭತ್ತದ ತೋಟಗಳಿದ್ದವಲ್ಲ, ಅದರಲ್ಲೊಂದು ಮನೆತನದ ಆಸ್ತಿಯಿಂದ ಹುಟ್ಟಿದ ನಿಧಿ ಅದು. ಆ ಮನೆತನದ ಈಗಿನವರು, ಕರಿಯರಿಗೆ ಆದ ಅನ್ಯಾಯಕ್ಕೆ ಅಷ್ಟಿಷ್ಟಾದರೂ ಪರಿಹಾರ ಆಗಲಿ, ಅದೂ ಆಯಾ ಊರಿನವರು ಹೇಳಿದ ಹಾಗೇ ಆಗಲಿ ಎಂದು ತೀರ್ಮಾನಿಸಿದ್ದರಂತೆ. ಎವಲೀನಾ ಅತ್ತೆ ನನ್ನ ಕಿವಿಯಲ್ಲಿ, “ನಮ್ಮ ಮುತ್ತಜ್ಜನ ಬೆವರು ಊರೆಲ್ಲ ಸುತ್ತಿ ಈಗ ಮನೆಗೆ ಬಂದಿದೆ ಕಣೇ. ಬಾಗ್ಲು ತೆಗಿ, ಕಾಲಿಗೆ ನೀರು ಕೊಡು” ಅಂದಳು. ನಿಧಿಯ ಪರವಾಗಿ ಬಂದವಳು ನಮ್ಮವಳೇ, ಮಿಸ್ ರೋಲಿನ್ಸ್ ಎಂಬ ಕರಿಯ ಹುಡುಗಿ. ಓದಿದವಳು, ಮೆಲುಮಾತಿನವಳು, ಕುಳಿತವರ ಎದುರು ನಿಂತು ಮಾತಾಡದೆ ತಾನೂ ಕುರ್ಚಿ ಎಳೆದುಕೊಂಡು ಕೂರುವವಳು. “ನಾವು ಹೇಳೋಕೆ ಬಂದಿಲ್ಲ, ಕೇಳೋಕೆ ಬಂದಿದೀವಿ. ನಿರ್ಧಾರ ನಿಮ್ಮದೇ” ಎಂದಳು. ಬಣ್ಣಬಣ್ಣದ ಚೀಟಿ ಹಂಚಿ, ಊರಿಗೆ ಏನು ಬೇಕೋ ಬರೆದು ಗೋಡೆಗೆ ಅಂಟಿಸಿ ಅಂದಳು. ನಾನು ಗೇಟು ಎಂದು ಬರೆದೆ. ತಿರುಗಿ ನೋಡಿದರೆ ಗೋಡೆಯ ತುಂಬ ಗೇಟು, ಗೇಟು, ಗೇಟು. ಒಂದು ಚೀಟಿಯಲ್ಲಿ ಮಾತ್ರ ಚರ್ಚಿನ ಶೌಚಾಲಯದ ಬಾಗಿಲಿಗೆ ಚಿಲಕ ಎಂದಿತ್ತು.

ಗೇಟು ನಿನಗೆ ಗೊತ್ತಿದ್ದದ್ದೇ. ರೆಸಾರ್ಟಿನವರು ನಾವು ಹುಟ್ಟುವ ಮೊದಲೇ ಸುತ್ತಲಿನ ನೆಲ ಕೊಂಡದ್ದರಿಂದ ನಮ್ಮ ಸ್ಮಶಾನ ಅವರ ಗಾಲ್ಫ್ ಮೈದಾನದ ಆಚೆ ಒಳಗೆ ಸಿಕ್ಕಿಕೊಂಡಿತು. ಹಾಸಿಗೆ ಬದಲಿಸಲು ದಿನವೂ ಕೊರಳಿಗೆ ಕಾರ್ಡು ಹಾಕಿಕೊಂಡು ಆ ಗೇಟು ದಾಟುವ ನನಗೆ ಮೊಮ್ಮಗಳ ಹತ್ತಿರ ಹೋಗಲು ಬೇರೆ ಅನುಮತಿ ಬೇಕಾಗಿತ್ತು. ಜೂನಿಯ ಪೆಟ್ಟಿಗೆ ತಂದ ಗಾಡಿಯನ್ನು ಕಾವಲುಗಾರ ಬಿಸಿಲಲ್ಲಿ ನಿಲ್ಲಿಸಿ, ಮೇಲಿನವರಿಗೆ ಫೋನು ಮಾಡಿ, “ಹೆಸರು ಏನಂದ್ರಿ? ಅತಿಥಿಗಳಾ?” ಎಂದು ಕೇಳಿದ್ದು ನಿನಗೆ ಬರೆದಿದ್ದೆನೋ ಇಲ್ಲವೋ. ದತ್ತಿನಿಧಿಯವರು ಒಬ್ಬ ವಕೀಲನನ್ನು ಕೊಟ್ಟರು. ಅವನು ಪತ್ರದ ಮೇಲೆ ಪತ್ರ ಬರೆದ. ವಸಂತಕಾಲ ಮುಗಿಯುವುದರೊಳಗೆ, ಮಾತುಕತೆ ಮುಗಿಯುವವರೆಗೆ ಎಂಬ ಷರತ್ತಿನ ಮೇಲೆ ಗೇಟು ತೆರೆಯಿತು. ನಮ್ಮಪ್ಪ ಇಡೀ ಆಯಸ್ಸು ಕೇಳಿ ಕೇಳಿ ಸತ್ತ ಗೇಟು ಅದು. ಈಸ್ಟರ್ ದಿನ ಯಾರನ್ನೂ ಕೇಳದೆ ಒಳಗೆ ನಡೆದು ಹೋದಾಗ ಅತ್ತೆ ಕಾವಲುಗಾರನಿಗೆ ಕೈ ಬೀಸಿ, “ಅತಿಥಿಗಳಲ್ಲಪ್ಪಾ, ಮನೆಯೋರು” ಎಂದಳು. ಇದನ್ನು ಮರೆಯಬೇಡ ಲೂಷಸ್. ಅವರು ಮಾಡಿದ್ದರಲ್ಲಿ ಇದೂ ಇದೆ.

ಗೋಡೆಯ ಮೇಲಿನ ಚೀಟಿಗಳನ್ನು ಅವರು ಒಯ್ದು ಓದಿ, ವಿಂಗಡಿಸಿ, ಅಚ್ಚು ಹಾಕಿಸಿ ತಂದರು. ಅದರಲ್ಲಿ ಮೂರು ಮಾತಿದ್ದವು: ದಾರಿ, ಘನತೆ, ನೆನಪು. ಘನತೆ ಎಂದು ಗೋಡೆಯ ಮೇಲೆ ಯಾರೂ ಬರೆದಿರಲಿಲ್ಲ. ಆದರೂ ಕೇಳಲು ಚೆನ್ನಾಗಿತ್ತು, ನಾವು ತಲೆಯಾಡಿಸಿದೆವು. ಊರಿನವರದೇ ಒಂದು ಸಮಿತಿ ಬೇಕು ಅಂದರು. ಯಾರು ಎಂದಾಗ ಎಲ್ಲರ ಕಣ್ಣೂ ಡೀಕನ್ ಅಬ್ರಾಮ್ ಮೇಲೆ ಹೋಯಿತು. ಚರ್ಚಿನ ಹಿರಿಯ, ನಿವೃತ್ತ ಅಂಚೆಯವನು, ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಹೊರಗೆ ಬರದವನು. ಹಗಲು ಹೊತ್ತು ಸಭೆಗೆ ಹೋಗಲು ಪುರುಸೊತ್ತಿದ್ದವನೂ ಅವನೊಬ್ಬನೇ.

ಆಗಸ್ಟಿನಲ್ಲಿ ಸ್ಮಶಾನ ಶುಚಿಗೊಳಿಸುವ ದಿನ ಇಟ್ಟರು. ಪಟ್ಟಣದ ಸ್ವಯಂಸೇವಕರಿಗೆ ಶನಿವಾರ ರಜೆ, ಹಾಗಾಗಿ ಶನಿವಾರ. ಬೇಸಿಗೆಯ ಶನಿವಾರ ಇಲ್ಲಿ ಏನೆಂದು ನಿನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಬೆಳಿಗ್ಗೆ ಹಳೆಯ ಅತಿಥಿಗಳು ಹೋಗಿ ಸಂಜೆಗೆ ಹೊಸಬರು ಬರುವ ದಿನ, ನಮ್ಮ ಊರಿನ ಪ್ರತಿ ಹೆಂಗಸೂ ಯಾರದೋ ಹಾಸಿಗೆಯ ಹೊದಿಕೆ ಕೀಳುತ್ತಿರುವ ದಿನ, ಗಂಡಸರು ಈಜುಕೊಳ ತೊಳೆಯುವ ದಿನ. ರಜೆ ಕೇಳಿದರೆ ಆ ಕೆಲಸವೇ ಇರುವುದಿಲ್ಲ. ಡೀಕನಿಗೆ ಹೇಳಿದ್ದೆ. “ಅವರು ಬಸ್ಸು ಮಾಡ್ಕೊಂಡು ಅಷ್ಟು ದೂರದಿಂದ ಬರ್ತಾರೆ ವರ್ನೆಲ್, ದಿನ ಬದಲಾಯ್ಸಿ ಅಂತ ಯಾವ ಬಾಯಲ್ಲಿ ಹೇಳ್ಲಿ?” ಎಂದ. ಅತ್ತೆ ಚರ್ಚಿನ ಅಡುಗೆಮನೆಯಲ್ಲಿ ಬಂದವರಿಗೆಲ್ಲ ಟೊಮ್ಯಾಟೊ ಹಾಕಿ ಕೆಂಪನ್ನ ಮಾಡುತ್ತಿದ್ದಳು. ಹೀಗಾಗಿ ಯಾವ ಸಮಾಧಿ ಯಾರದೆಂದು ಬಲ್ಲವರಲ್ಲಿ ಅಂದು ಸ್ಮಶಾನದಲ್ಲಿದ್ದವನು ಡೀಕನ್ ಒಬ್ಬನೇ.

ಅಂದು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಚಾದರ ಕೊಡವುವಾಗ ನನಗೆ ಮೈದಾನದ ಆಚೆ ಅವರು ಕಂಡರು. ಎಲ್ಲರದೂ ಒಂದೇ ತಿಳಿಹಸಿರು ಅಂಗಿ, ಬಿಳಿಯರೂ ಕರಿಯರೂ, ಚಿಕ್ಕ ವಯಸ್ಸಿನವರೇ ಹೆಚ್ಚು. ಕೆಲಸಕ್ಕೆ ಮೊದಲು ಕೈ ಕೈ ಹಿಡಿದು ತಲೆ ಬಗ್ಗಿಸಿ ನಿಂತಿದ್ದರು. ನಮ್ಮವರಿಗಾಗಿ ಅಷ್ಟು ಜನ ಅಪರಿಚಿತರು ತಲೆ ಬಗ್ಗಿಸಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಜೊತೆಯಲ್ಲಿದ್ದ ಹುಡುಗಿಗೆ, “ಅಲ್ಲೇ ನೋಡು, ನನ್ನ ಮೊಮ್ಮಗಳು ಇರೋದು” ಎಂದೆ.

ಮರುದಿನ ಪ್ರಾರ್ಥನೆ ಮುಗಿಸಿ ಅತ್ತೆಯ ಕೈ ಹಿಡಿದು ಹೋದೆ. ಗೇಟು ದಾಟಿ ಮೈದಾನ ಮುಗಿದ ಮೇಲೂ ಮೈದಾನವೇ ಮುಂದುವರಿದಿತ್ತು. ಪೊದೆ ಇಲ್ಲ, ಮುಳ್ಳುಗಿಡ ಇಲ್ಲ, ಕಾಲುದಾರಿ ಇಲ್ಲ. ತಗ್ಗುಗಳಿಗೆಲ್ಲ ಹೊಸ ಮಣ್ಣು ತುಂಬಿ ಸಮ ಮಾಡಿದ್ದರು. ಓಕ್ ಮರದ ಕೆಳಗಿನ ಕೊಂಬೆಗಳನ್ನು ಕತ್ತರಿಸಿದ್ದರು. ತಟ್ಟೆ, ಹೂಜಿ, ಔಷಧಿಯ ಸೀಸೆ, ದೀಪದ ಬುರುಡೆ, ಶಂಖ, ಸತ್ತ ಹೊತ್ತಿಗೆ ನಿಲ್ಲಿಸಿದ ಗಡಿಯಾರ, ಯಾವುದೂ ಇಲ್ಲ. ಅಲ್ಲಿ ಕಲ್ಲು ಇದ್ದದ್ದೇ ನಾಲ್ಕಾರು ಜನಕ್ಕೆ, ಮಿಕ್ಕವರಿಗೆಲ್ಲ ಕೊನೆಗೆ ಮುಟ್ಟಿದ ವಸ್ತುವೇ ಹೆಸರು. ಅತ್ತೆಗೆ ಕಾಣುವುದಿಲ್ಲವಲ್ಲ, ಕಾಲಿನಿಂದ ನೆಲ ಸವರುತ್ತಾ, “ಎಲ್ಲಿಗೆ ಕರ್ಕೊಂಡು ಬಂದ್ಯೇ? ಇದು ನಮ್ಮ ಜಾಗ ಅಲ್ಲ” ಅಂದಳು. ಮರದ ಬುಡಕ್ಕೆ ಕರೆದೊಯ್ದೆ. “ವರ್ನೆಲ್, ನನ್ನ ಶಂಖ ಎಲ್ಲಿ?” ಅಂದಳು. ಅತ್ತೆಗೆ ಮದುವೆಯಾದ ಹೊಸದರಲ್ಲಿ ಒಂದು ಗಂಡುಮಗು ಹುಟ್ಟಿ ಹೋಗಿತ್ತು, ಜೂನಿಯನ್ನು ಅದರ ಪಕ್ಕಕ್ಕೇ ಮಲಗಿಸಿದ್ದು. ಆ ಮಗು ಏನನ್ನೂ ಮುಟ್ಟುವಷ್ಟು ದಿನ ಇರಲಿಲ್ಲ, ಅದಕ್ಕೇ ಶಂಖ.

ಡೀಕನ್ ಅಲ್ಲೇ ಇದ್ದ, ಹೊಸದಾಗಿ ಹಾಕಿದ ಬೆಂಚಿನ ಮೇಲೆ. ಟೋಪಿ ಕೈಯಲ್ಲಿತ್ತು. ನಾನು ಕೇಳುವ ಮೊದಲೇ ಹೇಳಿದ. “ನಾನೇ ಹೇಳಿದ್ದು ವರ್ನೆಲ್. ಒಬ್ಬ ಹುಡುಗ ಹೂಜಿ ಹಿಡ್ಕೊಂಡು ಬಂದು, ಸರ್, ಇದನ್ನೇನು ಮಾಡೋಣ ಅಂದ. ಒಡೆದಿದ್ದೆಲ್ಲ ಹೊರಗೆ ಹಾಕಿ ಅಂದೆ. ರೆಸಾರ್ಟಿನ ಅತಿಥಿಗಳು ಇದರ ಫೋಟೋ ತೆಗೆದು ನಗೋದನ್ನ ನಾನು ನೋಡಿದೀನಿ. ಇಷ್ಟು ಜನ ಓದಿರೋರು ಬಂದಿದಾರೆ, ನಮ್ಮ ಸತ್ತೋರು ಕಸದಲ್ಲಿ ಮಲ್ಗಿದಾರೆ ಅನ್ನಿಸ್ಕೊಳ್ಳೋದು ಬೇಡ ಅನ್ನಿಸ್ತು.” ಆಮೇಲೆ ಟೋಪಿಯನ್ನು ತಿರುಗಿಸುತ್ತಾ, “ಹೂಜಿ ನಮ್ಮಮ್ಮಂದು. ಕೈಲಿ ಹಿಡಿದಾಗ ಗೊತ್ತಾಗ್ಲಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತಾಗ ಗೊತ್ತಾಯ್ತು” ಅಂದ. ಅತ್ತೆ ಅವನ ಕಡೆ ಮುಖ ತಿರುಗಿಸಿ, “ಅಬ್ರಾಮ, ನಿಮ್ಮಮ್ಮ ಬದುಕಿದ್ದಾಗ ನಿನಗೆ ಆ ಅಂಗಿಗೆ ಇಸ್ತ್ರಿ ಹಾಕೋದು ಕಲಿಸ್ದಳು, ಬೇರೇನೂ ಕಲಿಸ್ಲಿಲ್ಲ” ಎಂದಳು. ಅವನು ಹೌದು ಎಂದ. ನನಗೆ ಅವನನ್ನು ಬೈಯಲು ಬಹಳ ಇತ್ತು. ಆ ಹೌದು ಕೇಳಿದ ಮೇಲೆ ಬೈಯಲಾಗಲಿಲ್ಲ.

ಕಸದ ದೊಡ್ಡ ಡಬ್ಬಿ ಶನಿವಾರ ಸಂಜೆಯೇ ಹೋಗಿತ್ತು. ಸೋಮವಾರ ಡೀಕನ್ ಕಸ ಸುರಿಯುವ ಹಳ್ಳದವರೆಗೂ ಹೋಗಿ ಬಂದ. ಅದರ ಮೇಲೆ ಆಗಲೇ ಇಡೀ ಜಿಲ್ಲೆಯ ಕಸ ಬಿದ್ದು, ಯಂತ್ರ ತುಳಿದು ಹೋಗಿತ್ತು.

ಮಿಸ್ ರೋಲಿನ್ಸ್ ವಿಷಯ ತಿಳಿದ ದಿನವೇ ನಮ್ಮ ಮನೆಗೆ ಬಂದಳು. ನಮ್ಮ ಜಗಲಿಯಲ್ಲಿ ಕುಳಿತು, “ಅಮ್ಮಾ, ಕೇಳೋಕೆ ಬಂದಿದೀವಿ ಅಂತ ಹೇಳ್ದೋಳು ನಾನೇ” ಎಂದು ಮುಖ ಮುಚ್ಚಿಕೊಂಡು ಅತ್ತಳು. ಅವಳ ಅಜ್ಜಿಯನ್ನು ಹೂತ ಜಾಗದ ಮೇಲೆ ಈಗ ಸೋಯಾ ಬೆಳೆಯುತ್ತಾರಂತೆ, ಈ ಕೆಲಸಕ್ಕೆ ಸೇರಿದ್ದೇ ಅದಕ್ಕಂತೆ. ನಾನು ನೀರು ತಂದುಕೊಟ್ಟೆ, ಬೆನ್ನು ಸವರಿದೆ. ಅವಳು ಹೋದ ಮೇಲೆ ಅತ್ತೆ, “ಕಳ್ಕೊಂಡೋರೂ ನಾವೇ, ಸಮಾಧಾನ ಹೇಳೋರೂ ನಾವೇ. ಇದಕ್ಕೂ ಒಂದು ಸಮಿತಿ ಮಾಡ್ಬೇಕಿತ್ತು” ಅಂದಳು. ಆದರೆ ಹುಡುಗಿ ಒಳ್ಳೆಯವಳು. ಅವಳು ಒಳ್ಳೆಯವಳಾಗಿರದಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ನಿಧಿಯವರು ಒಂದು ಯಂತ್ರ ತರಿಸಿದರು. ನೆಲದೊಳಗೆ ಎಲ್ಲಿ ಅಗೆದು ಮುಚ್ಚಿದ್ದಾರೆ ಎಂದು ತೋರಿಸುವ ಯಂತ್ರ, ಮಕ್ಕಳನ್ನು ಕೂರಿಸುವ ತಳ್ಳುಗಾಡಿಯ ಹಾಗಿತ್ತು. ಇಬ್ಬರು ಅದನ್ನು ತಳ್ಳುತ್ತಾ ಓಡಾಡಿ ಪುಟ್ಟ ಪುಟ್ಟ ಬಾವುಟ ನೆಟ್ಟರು. ಓಕ್ ಮರದ ನದಿಯ ಬದಿಯಲ್ಲಿ ಮಕ್ಕಳ ಅಳತೆಯ ಸಮಾಧಿಗಳು ಮೂರು ಸಿಕ್ಕವು, ಒಂದರ ಪಕ್ಕ ಒಂದು. ಒಂದು ಜೂನಿ. ಒಂದು ಅತ್ತೆಯ ಮಗು. ಮೂರನೆಯದು ಯಾರದೋ, ನಮ್ಮ ಯಾರ ನೆನಪಿಗೂ ಹಿಂದಿನದು. ಯಾವುದು ಯಾವುದು ಎಂದು ಕೇಳಿದೆ. “ಅಳತೆ ಗೊತ್ತಾಗುತ್ತೆ ಅಮ್ಮಾ, ಹೆಸರು ಗೊತ್ತಾಗಲ್ಲ” ಎಂದ ಯಂತ್ರದವನು. ಅಗೆದು ನೋಡಬಹುದು ಎಂದು ಮಿಸ್ ರೋಲಿನ್ಸ್ ಬಹಳ ಹಿಂಜರಿಯುತ್ತಾ ಹೇಳಿದಳು. ಬೇಡ ಅಂದೆ. ಅವಳನ್ನು ಒಮ್ಮೆ ಮಲಗಿಸಿದ್ದೇ ಸಾಕು. ನೀನಾಗಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದುಕೊಂಡಿದ್ದೇನೆ, ಹಾಗಲ್ಲದಿದ್ದರೆ ಬರೆ. ನಾನು ಆ ಮೂರರ ನಡುವೆ ನಿಂತು ಮರದ ಕಡೆ ನೋಡಿ, ನದಿಯ ಕಡೆ ನೋಡಿ, ಅಂದು ನಾನು ಎಲ್ಲಿ ನಿಂತಿದ್ದೆ ಎಂದು ನೆನಪು ಮಾಡಿಕೊಂಡೆ. ಒಂದು ದಿನ ಎಡಗಡೆಯದು ಎನ್ನಿಸುತ್ತದೆ. ಇನ್ನೊಂದು ದಿನ ನಡುವಿನದು. ಕತ್ತರಿಸಿದ ಕೊಂಬೆಯ ನೆರಳು ಅವಳ ಪಾದದ ಮೇಲೆ ಬೀಳುತ್ತಿತ್ತು, ಅದು ಇದ್ದಿದ್ದರೆ ಹೇಳುತ್ತಿದ್ದೆ. ಜೂನಿಯ ತಾಯಿಗೆ ಇನ್ನೂ ತಿಳಿಸಿಲ್ಲ. ಅವಳು ಜ್ಯಾಕ್ಸನ್‌ವಿಲ್‌ನಿಂದ ಆಗಾಗ ಫೋನು ಮಾಡುತ್ತಾಳೆ. ಮೊದಲು ನಿನಗೆ ಎಂದು ಸುಮ್ಮನಿದ್ದೆ.

ಅಕ್ಟೋಬರಿನಲ್ಲಿ ಗೇಟಿನ ಮಾತುಕತೆ ಮುಗಿಯಿತು. ಗೇಟು ಇನ್ನು ಎಂದೆಂದಿಗೂ ನಮಗೆ ತೆರೆದಿರುತ್ತದೆ ಎಂದು ರೆಸಾರ್ಟಿನವರು ಬರೆದುಕೊಡಲು ಒಪ್ಪಿದರು. ಬದಲಿಗೆ, ಸ್ಮಶಾನವನ್ನು ಅವರ ಮೈದಾನದಷ್ಟೇ ಅಚ್ಚುಕಟ್ಟಾಗಿ ಇಡಬೇಕು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡ ಬರುವಂಥ ಬಿಡಿ ವಸ್ತುಗಳನ್ನು ಸಮಾಧಿಗಳ ಮೇಲೆ ಇಡಬಾರದು. ಹುಲ್ಲು ಕತ್ತರಿಸುವ ಖರ್ಚು ದತ್ತಿನಿಧಿಯದು. ಒಪ್ಪದಿದ್ದರೆ ಕೋರ್ಟು. ಕೋರ್ಟಿಗೆ ಹೋಗಲು ದತ್ತಿನಿಧಿಯ ಹಿರಿಯರು ಒಪ್ಪುವುದಿಲ್ಲ, ವಕೀಲ ಇಲ್ಲಿಗೇ ನಿಲ್ಲುತ್ತಾನೆ, ಗೇಟು ಮತ್ತೆ ಮುಚ್ಚುತ್ತದೆ. ಮಿಸ್ ರೋಲಿನ್ಸ್ ಚರ್ಚಿನಲ್ಲಿ ಇದನ್ನು ಓದಿ ಹೇಳಿದಳು. ಕೊನೆಯ ಸಾಲು ಅವಳ ಬಾಯಿಂದ ಬರಲು ಹೊತ್ತು ಹಿಡಿಯಿತು. “ನಿರ್ಧಾರ ನಿಮ್ಮದೇ” ಅಂದಳು.

ಡೀಕನ್ ಎದ್ದು ನಿಂತ. ನಾನು ಒಮ್ಮೆ ಊರಿನ ಪರವಾಗಿ ಮಾತಾಡಿ ಕೆಡಿಸಿದ್ದೇನೆ, ಈ ಸಲ ಕೈ ಎತ್ತಿ ಹೇಳಿ, ನಾನು ಎಣಿಸುತ್ತೇನೆ ಅಷ್ಟೇ ಎಂದ. ಮುಂದಿನ ಸಾಲಿನಲ್ಲಿ ವಯಸ್ಸಾದವರೇ ಕುಳಿತಿದ್ದರು; ಮುಂದಿನ ವರ್ಷ, ಅದರ ಮುಂದಿನ ವರ್ಷ ಆ ಗೇಟು ದಾಟಬೇಕಾದವರು. ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಫೋನಿಗೆ ಕಾಯುವುದು ಏನೆಂದು ನನಗೆ ಗೊತ್ತು. ನಾನು ಕೈ ಎತ್ತಿದೆ. ನನ್ನದೇ ಮೊದಲನೆಯದು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅತ್ತೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು. “ನನ್ನ ಕಣ್ಣು ಹೋಗಿದೆ, ಯಾರು ಎತ್ತಿದ್ರು ಅಂತ ಕಾಣ್ಲಿಲ್ಲ. ದೇವರೇ, ನೀನೂ ನೋಡ್ಲಿಲ್ಲ ಅಂತ ಇಟ್ಕೋ” ಎಂದಳು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ಈಗ ಒಂದು ದೊಡ್ಡ ಕಲ್ಲು ನಿಲ್ಲಿಸುತ್ತಾರೆ. ನಮ್ಮ ನೆನಪಿಗೆ ಬಂದ ಹೆಸರುಗಳೆಲ್ಲ ಅದರ ಮೇಲೆ ಇರುತ್ತವೆ, ಜೂನಿಯದೂ. ಕಲ್ಲು ಸ್ಮಶಾನದ ಬಾಗಿಲ ಬಳಿ, ಅವಳು ಇರುವುದು ಮರದ ಬಳಿ. ಮಾರ್ಚ್ ಕೊನೆಯಲ್ಲಿ ಅನಾವರಣ. ನಿಧಿಯ ಹಿರಿಯರು ಬರುತ್ತಾರಂತೆ. ನೀನು ಅಷ್ಟರಲ್ಲಿ ಬಂದಿರುತ್ತೀಯ ಎಂದು ಅವರಿಗೆ ಹೇಗೋ ತಿಳಿದಿದೆ. ಮಗುವಿನ ತಂದೆ ಹೂವು ಇಟ್ಟು, ಅಜ್ಜಿ ಎರಡು ಮಾತಾಡಿದರೆ ಚೆನ್ನ ಎಂದು ಹೇಳಿ ಕಳಿಸಿದ್ದಾರೆ. ಯಾವ ದಿನ ಎಂದು ಕೇಳಿದೆ. ಶನಿವಾರ.

ನನಗೆ ಶನಿವಾರ ಕೆಲಸ ಇದೆ ಎಂದು ಹೇಳಿದ್ದೇನೆ. ನಿನ್ನ ಬಗ್ಗೆ ನಾನು ಏನೂ ಹೇಳಲಿಲ್ಲ, ಅದನ್ನು ನೀನೇ ನಿರ್ಧರಿಸು. ಹೋದರೂ ನನಗೆ ಬೇಸರವಿಲ್ಲ.

ಹಲ್ಲು ತೋರಿಸು. ತಲೆಗೆ ಏನಾದರೂ ಸುತ್ತಿಕೊಂಡು ಮಲಗು, ಅಲ್ಲಿ ಚಳಿ ನಮ್ಮಲ್ಲಿಗಿಂತ ಮೊದಲೇ ಬರುತ್ತದೆ. ಯಾರ ಜಗಳಕ್ಕೂ ಹೋಗಬೇಡ, ಮಾರ್ಚ್ ಹತ್ತಿರವಿದೆ. ಇದನ್ನು ಓದಿದ ಮೇಲೆ ಒಬ್ಬನೇ ಕೂರಬೇಡ. ನೀನು ಬರೆದಿದ್ದೆಯಲ್ಲ, ಬೈಬಲ್ ಓದುವ ಆ ಮುದುಕ, ಅವನ ಹತ್ತಿರ ಹೋಗಿ ಕೂತುಕೋ. ಅತ್ತೆಯ ಆಶೀರ್ವಾದ, ಡೀಕನ್ ಅಬ್ರಾಮನ ನಮಸ್ಕಾರ. ನಿನಗೆ ನಮಸ್ಕಾರ ತಿಳಿಸಲು ಅವನು ನನ್ನ ಅಪ್ಪಣೆ ಕೇಳಿದ; ಕೊಟ್ಟಿದ್ದೇನೆ. ನಾನು ಇಲ್ಲದ ಹೊತ್ತಿನಲ್ಲೂ ನಿನ್ನ ನೆತ್ತಿಯ ಮೇಲೆ ದೇವರ ಕೈ ಇರಲಿ.

ನಿನ್ನ ಅಮ್ಮ,
ವರ್ನೆಲ್

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಒಂದು ವಿಷಯ ಬಿಟ್ಟಿದ್ದೆ. ಗೇಟಿನ ಒಪ್ಪಂದಕ್ಕೆ ಸಹಿಯಾದ ಮರುದಿನ ನಾನು ಕಾಫಿ ಕುಡಿಯುವ ಲೋಟದ ಹಿಡಿ ಮುರಿದು ಒಯ್ದು ಎಡಗಡೆಯ ಸಮಾಧಿಯ ಮೇಲೆ ಇಟ್ಟೆ. ಅತ್ತೆ ತನ್ನದನ್ನು ನಡುವಿನದಕ್ಕೆ ಕೊಟ್ಟಳು, ಮೂರನೆಯದಕ್ಕೆ ಡೀಕನ್ ಒಂದು ತಂದ. ಪ್ರತಿ ಮಂಗಳವಾರ ಬೆಳಿಗ್ಗೆ ಹುಲ್ಲು ಕತ್ತರಿಸುವವನು ಬರುತ್ತಾನೆ. ನನಗೆ ಅಂದು ರಜೆ. ಅವನು ಬರುವ ಮೊದಲು ಹೋಗಿ ಮೂರನ್ನೂ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತೇನೆ. ಅವನು ಹೋದ ಮೇಲೆ ಮತ್ತೆ ಇಡುತ್ತೇನೆ. ಮಾರ್ಚಿನಿಂದ ಆ ಕೆಲಸ ನಿನ್ನದು. ನನ್ನ ಮಂಡಿ ಬಹಳ ದಿನ ಬಗ್ಗುವುದಿಲ್ಲ. ಸಮಾಧಿಯ ಮೇಲಿನದನ್ನು ಎತ್ತಿದವರ ಹಿಂದೆ ಸತ್ತವರು ಮನೆಯವರೆಗೂ ಬರುತ್ತಾರೆ, ಕೈ ಹಚ್ಚಬೇಡ ಎಂದು ನಿನಗೆ ಚಿಕ್ಕಂದಿನಲ್ಲಿ ಹೆದರಿಸಿದವಳು ನಾನೇ. ಅತ್ತೆಯೂ ಅದನ್ನೇ ನೆನಪಿಸಿದಳು. ಬರಲಿ ಎಂದೆ. ಯಾವುದು ಜೂನಿಯದೆಂದು ನನಗೆ ಗೊತ್ತಿಲ್ಲದಿದ್ದರೂ ನಾನು ಯಾರೆಂದು ಅವಳಿಗೆ ಗೊತ್ತಿದೆ. ಮಂಗಳವಾರ ನಾನು ಬಾಗಿಲಿಗೆ ಚಿಲಕ ಹಾಕುವುದಿಲ್ಲ.